ರಾಜನಿಗೆ ಗಂಟಲು ಕೊಟ್ಟದ್ದು

ತೊಂಬತ್ತರ ದಶಕದಲ್ಲಿ ನಾನು ತ್ಯಾಗರಾಜನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸಂಜೆಯಾದರೆ ಚಾಮರಾಜಪೇಟೆಯ ಒಂದು ಹವ್ಯಾಸಿ ನಾಟಕ ತಂಡಕ್ಕೆ ಓಡುತ್ತಿದ್ದೆ. ನಾವು ಆಗ ಆಡುತ್ತಿದ್ದದ್ದು ಮಾತಿಗಿಂತ ಹಾಡೇ ಜಾಸ್ತಿ ಇದ್ದ ಒಂದು ರಾಜನ ಕಥೆ. ನಾನು ಹಿಂದೆ ನಿಂತು ಹಾಡುವ ಮೇಳದ ಎಂಟು ಜನರಲ್ಲಿ ಒಬ್ಬ. ಜೊತೆಗೆ ರಾಜನ ಪಾತ್ರಕ್ಕೆ ಬದಲಿ. ಅಂದರೆ ರಾಜನಿಗೆ ಏನಾದರೂ ಆದರೆ ನಾನು ರಾಜ.

ರಾಜನಾಗುತ್ತಿದ್ದವರು ಬ್ಯಾಂಕ್ ಮ್ಯಾನೇಜರು. ಆರಡಿ ಎತ್ತರ, ಅದಕ್ಕೆ ತಕ್ಕ ಹೊಟ್ಟೆ. ಅವರಿಗೆ ಏನೂ ಆಗುತ್ತಿರಲಿಲ್ಲ. ಜಡಿಮಳೆಯಲ್ಲಿ ತೊಯ್ದು ಬಂದರೂ ಒಂದು ಸೀನು ಇಲ್ಲ. ಅವರನ್ನು ಕಂಡರೆ ನನಗೆ ಗೌರವ. ಆದರೂ ಒಂದು ನೆಗಡಿಯಾದರೂ ಆಗಬಾರದೇ ಅಂತ ಅನ್ನಿಸದೆ ಇರಲಿಲ್ಲ.

ಆರನೇ ಪ್ರದರ್ಶನ ಬಸವನಗುಡಿಯಲ್ಲಿ. ಹಿಂದಿನ ದಿನ ಅವರು ಬ್ಯಾಂಕಿನಲ್ಲಿ ಯೂನಿಯನ್‌ನವರ ಜೊತೆ ಕೂಗಾಡಿದ್ದರಂತೆ. ಗ್ರೀನ್‌ರೂಮಿಗೆ ಬಂದು ಬಾಯಿ ತೆರೆದರೆ ಬರೀ ಗಾಳಿ.

ನಿರ್ದೇಶಕರು ನನ್ನತ್ತ ತಿರುಗಿ, "ಮೇಷ್ಟ್ರೇ, ಡ್ರೆಸ್ ಹಾಕ್ಕೊಳ್ಳಿ" ಅಂದರು.

ನಿಲುವಂಗಿ ತೊಟ್ಟೆ. ಅದರೊಳಗೆ ನನ್ನಂಥ ಇನ್ನೊಬ್ಬನಿಗೆ ಜಾಗವಿತ್ತು. ಕಿರೀಟ ಜಾರಿ ಕನ್ನಡಕದ ಮೇಲೆ ಕೂತಿತು. ನಿರ್ದೇಶಕರು ಸ್ವಲ್ಪ ಹೊತ್ತು ನೋಡಿದರು.

"ಬಿಚ್ಚಿಬಿಡಿ. ಸ್ಟೇಜ್ ಮೇಲೆ ಅವರೇ ಇರ್ಲಿ. ಹಾಡು, ಮಾತು ಎಲ್ಲಾ ನೀವು ಸೈಡ್‌ವಿಂಗಿಂದ."

ಎರಡು ಅಂಕ ಚೆನ್ನಾಗಿಯೇ ಹೋಯಿತು. ನಾನು ಹಾಡಿದೆ, ಅವರು ತುಟಿ ಆಡಿಸಿದರು. ಮೂರನೆಯದರಲ್ಲಿ ರಾಜ ವೈರಿಗೆ ಸವಾಲು ಹಾಕುವ ದೊಡ್ಡ ಹಾಡು. ನಾನು ನಿಂತಿದ್ದ ಕಡೆ ಹಳೇ ಪರದೆಯ ಧೂಳು. ದನಿ ಏರಿಸಿದ್ದೇ ತಡ ಕೆಮ್ಮು ಹತ್ತಿತು, ಒಂದಲ್ಲ, ಐದಾರು. ಹಾರ್ಮೋನಿಯಂ ನಿಂತಿತು. ಮ್ಯಾನೇಜರು ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿ, ಎದೆ ಹಿಡಿದುಕೊಂಡು ಬಗ್ಗಿದರು. ನಾನು ಕೆಮ್ಮಿದಷ್ಟು ಸಲ ಅವರ ಭುಜ ಕುಲುಕಿತು. ಕೊನೆಗೆ ಕತ್ತಿಯನ್ನೇ ಊರುಗೋಲು ಮಾಡಿಕೊಂಡು ನೆಟ್ಟಗಾದರು. ಉಳಿದ ಸಾಲುಗಳನ್ನು ನಾನು ಒಡೆದ ದನಿಯಲ್ಲಿ ಮುಗಿಸಿದೆ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಅಜ್ಜಿ ಮಲ್ಲೇಶ್ವರದವರು, ಮ್ಯಾನೇಜರಿಗೆ ಸಂಗೀತ ಕಲಿಸಿದ ಟೀಚರ್ ಅಂತ ಆಮೇಲೆ ತಿಳಿಯಿತು. ನಾಟಕ ಮುಗಿದ ಮೇಲೆ ಗ್ರೀನ್‌ರೂಮಿಗೆ ಬಂದು ಶಿಷ್ಯನ ಬೆನ್ನು ತಟ್ಟಿದರು.

"ಇಷ್ಟು ವರ್ಷಕ್ಕೆ ಇವತ್ತು ನಿನ್ನ ಶ್ರುತಿ ಸರಿಯಾಗಿ ನಿಂತಿತು ಕಣೋ."

ಮ್ಯಾನೇಜರು ಸುಮ್ಮನಿರಬಹುದಿತ್ತು, ಹೇಗೂ ದನಿ ಇರಲಿಲ್ಲ. ಆದರೆ ನನ್ನ ಕೈಹಿಡಿದು ಎಳೆದು ಅವರ ಮುಂದೆ ನಿಲ್ಲಿಸಿ, ನನ್ನ ಗಂಟಲಿನ ಕಡೆ ಬೆರಳು ತೋರಿಸಿದರು.

ಟೀಚರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೆಮ್ಮೂ ನಿಮ್ದೇನಾ?"

"ಹೌದಮ್ಮ."

"ಅದೂ ಶ್ರುತಿಯಲ್ಲೇ ಇತ್ತು."

ನಿರ್ದೇಶಕರು ಕೆಮ್ಮನ್ನು ನಾಟಕದಲ್ಲೇ ಉಳಿಸಿಕೊಂಡರು. ಮ್ಯಾನೇಜರಿಗೆ ದನಿ ಮರಳಿ ಬಂತು, ಆದರೆ ಕೆಮ್ಮು ಎಷ್ಟು ಪ್ರಾಕ್ಟೀಸ್ ಮಾಡಿದರೂ ಬರಲಿಲ್ಲ. ಹಾಗಾಗಿ ಉಳಿದ ಪ್ರದರ್ಶನಗಳಲ್ಲಿ ಮೂರನೇ ಅಂಕದ ಹೊತ್ತಿಗೆ ನಾನು ಮೇಳದಿಂದ ಜಾರಿ, ವಿಂಗಿಗೆ ಹೋಗಿ, ಐದು ಸಲ ಕೆಮ್ಮಿ ವಾಪಸ್ಸು ಬರುತ್ತಿದ್ದೆ.

ಅದೇ ವರ್ಷ ನಾನು ಆ ಟೀಚರ್ ಹತ್ತಿರ ಪಾಠಕ್ಕೆ ಸೇರಿದೆ. ಭಾನುವಾರ ಬೆಳಿಗ್ಗೆ ಮ್ಯಾನೇಜರೇ ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ನನ್ನನ್ನು ಮುಂದೆ ಕೂರಿಸಿ, ತಾವು ಹಿಂದೆ ಕೂತು ಮೆಲ್ಲಗೆ ಹಾಡುತ್ತಿದ್ದರು.