ಜೋಡಿ ಹಚ್ಚುವ ನಿಜಲಿಂಗಪ್ಪ

ಬೇಸಿಗೆ ಬಂತೆಂದರೆ ನಮ್ಮ ಲಕ್ಷ್ಮೇಶ್ವರದವರ ಮೈಯೊಳಗೆ ಏನೋ ಹೊಕ್ಕಂತಾಗುತ್ತಿತ್ತು. ಹೊಲದಲ್ಲಿ ಕೆಲಸವಿಲ್ಲ, ಮಳೆ ಇನ್ನೂ ದೂರ. ಸುಮ್ಮನೆ ಕೂಡ್ರಿ ಅಂದರೆ ಯಾರು ಕೂಡುತ್ತಾರೆ? ಒಂದು ಓಣಿಯವರು ನಾಟಕ ಹೂಡಿದರೆ ಮಗ್ಗುಲ ಓಣಿಯವರು ಹಟಕ್ಕೆ ಬಿದ್ದು ಜೋಳದ ಚೀಲ ಎತ್ತುವ ಪಂದ್ಯ ಇಡುತ್ತಿದ್ದರು. ಶಿರಹಟ್ಟಿಯವರು ಎತ್ತುಗಳಿಗೆ ಭಾರದ ಬಂಡಿ ಎಳೆಸಿದರೆ ನಾವೇನು ಕಡಿಮೆ ಎಂದು ಇವರೂ ಎಳೆಸುತ್ತಿದ್ದರು. ಕಾರ್ಯಕ್ರಮಕ್ಕಿಂತ ಮುಂದಿನ ಸಾಲಿನ ಕುರ್ಚಿಗಾಗಿ ಆಗುವ ಜಗಳವೇ ದೊಡ್ಡದು! ಇವೆಲ್ಲಕ್ಕೂ ಮೇಲಿನದು, ಬಸವ ಜಯಂತಿ ಮುಗಿದ ಮೇಲೆ ನಡೆಯುವ ಜಂಗೀ ಕುಸ್ತಿ.

ನಾನು ಕನ್ನಡ ಶಾಲೆಯ ಮಾಸ್ತರ, ದತ್ತಾತ್ರಿ. ಕುಸ್ತಿಯ ಒಂದು ಪೇಚೂ ಅರಿಯದವನು. ಆದರೂ ಬುಡ್ಡೇಸಾಬನ ಬಾಡಿಗೆ ಮೈಕಿನ ಮುಂದೆ ನನ್ನನ್ನೇ ಕೂಡಿಸುತ್ತಿದ್ದರು. "ಭಟ್ಟರ ಬಾಯಿರಿ, ದಣಿಯೂದಿಲ್ಲ" ಎಂದು ಚಾಷ್ಟಿ ಬೇರೆ. ಆಗಲಿ ಎಂದು ನಾನೂ ಒದರುತ್ತಿದ್ದೆ. ಆದರೆ ನಾನು ಕೂಗುವ ಹೆಸರುಗಳನ್ನು ಆರಿಸುವವನು ಬೇರೆ ಇದ್ದ. ಅವನೇ ನಮ್ಮ ಮಗ್ಗುಲ ಮನೆಯ ನಿಜಲಿಂಗಪ್ಪ.

ಹರೆಯದಲ್ಲಿ ಗದಗ, ಮಿರಜಿನ ತನಕ ಹೋಗಿ ಕುಸ್ತಿ ಹಿಡಿದವನು. ಮಣ್ಣಿಗೆ ತಿಕ್ಕಿ ತಿಕ್ಕಿ ಕಿವಿಗಳು ಮುದುಡಿಹೋಗಿದ್ದವು. ಮೊಣಕಾಲು ಕೈಕೊಟ್ಟ ಮೇಲೆ ಆಡುವುದು ಬಿಟ್ಟ, ಕಣ ಬಿಡಲಿಲ್ಲ. ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಎಲ್ಲಿ ಕುಸ್ತಿಯಾದರೂ ಜೋಡಿ ಹಚ್ಚಲು ಇವನೇ ಬೇಕು. ಆಡುವ ಹುಡುಗರು ಅಂಗಿ ಕಳಚಿ ಸಾಲಾಗಿ ನಿಲ್ಲಬೇಕು. ಇವನು ಒಬ್ಬೊಬ್ಬರ ಕುತ್ತಿಗೆ ಒತ್ತಿ, ರಟ್ಟೆ ಹಿಚುಕಿ, ಅವರು ಕಾಲೂರಿದ ರೀತಿ ನೋಡುತ್ತ ಬರುತ್ತಿದ್ದ. ಈ ಊರಿನವನೊಬ್ಬನನ್ನು, ಆ ಊರಿನವನೊಬ್ಬನನ್ನು ಎಳೆದು ಎದುರುಬದುರು ನಿಲ್ಲಿಸಿ, ಇಬ್ಬರ ಕೈಯಲ್ಲೂ ಎಲೆ-ಅಡಿಕೆ ಒತ್ತಿ ಮುಷ್ಟಿ ಮುಚ್ಚಿಸುತ್ತಿದ್ದ. ಎಲೆ ಹಿಡಿಯುವ ಮೊದಲು ಒಲ್ಲೆ ಅನ್ನಬಹುದಿತ್ತು; ಹಿಡಿದರೆ ಮುಗಿಯಿತು, ಕುಸ್ತಿ ಆಗಲೇಬೇಕು. ಹಿಂದೆ ಸರಿದವನನ್ನು ಯಾವ ಕಣದವರೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಕೊಟ್ಟವನಿಗೂ ಅದನ್ನು ತಿರುಗಿ ಇಸಿದುಕೊಳ್ಳುವ ಹಕ್ಕಿರಲಿಲ್ಲ.

"ಕೊಟ್ಟ ಎಲಿ ತಿರುಗಿ ತಗೊಂಡ್ರ ಅದು ಕುಸ್ತಿ ಅಲ್ರಿ ಮಾಸ್ತರ, ಸಂತಿ" ಎನ್ನುತ್ತಿದ್ದ.

ಊರೂರುಗಳ ನಡುವೆ ಬಡಿದಾಟವಾಗದೆ ಕುಸ್ತಿ ಮುಗಿಯುತ್ತಿದ್ದುದು ಇವನ ಕೈಯ ಮೇಲಿನ ನಂಬಿಕೆಯಿಂದ. ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ, ಎಷ್ಟೋ ಜನ ಬಂದು, ನಮ್ಮ ಹುಡುಗನಿಗೆ ಸ್ವಲ್ಪ ಮೆತ್ತಗಿನವನನ್ನು ನೋಡು ಎಂದು ಕಿವಿಯಲ್ಲಿ ಉಸುರುತ್ತಿದ್ದರು. ಇವನು ಕಣದ ನಡುವೆಯೇ ಅವರ ಮಾನ ಕಳೆಯುತ್ತಿದ್ದ: "ಮಗನ ಮ್ಯಾಲ ಅಷ್ಟು ಮಾಯಾ ಇದ್ರ ಮನ್ಯಾಗ ತೊಟ್ಲಾಗ ಹಾಕಿ ತೂಗ ಹೋಗಲೇ! ಇಲ್ಲಿ ಅಪ್ಪಾ ಇಲ್ಲ, ಮಗಾ ಇಲ್ಲ." ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅವನಿಗೂ ಒಬ್ಬ ಮಗನಿದ್ದ, ಫಕ್ಕೀರಪ್ಪ. ಹೆಣ್ಣುಮಕ್ಕಳ ಬೆನ್ನ ಮೇಲೆ, ಹರಕೆ ಹೊತ್ತು ಹುಟ್ಟಿದವನು. ಕಣಕ್ಕಿಳಿದರೆ ಹುಲಿ, ಮನೆಯಲ್ಲಿ ಅವ್ವನ ಸೆರಗು ಬಿಡದ ಕೂಸು. ಎಪ್ಪತ್ತೆಂಟರ ಬೇಸಿಗೆಯ ಮೊದಲಿಗೆ ಅವನಿಗೆ ವಿಷಮಜ್ವರ ಹಿಡಿಯಿತು. ಉಳಿದದ್ದೇ ಹೆಚ್ಚು. ತಾಯಿ ಸಿದ್ದಲಿಂಗವ್ವ ಗಂಜಿ ಕುಡಿಸಿ ಕುಡಿಸಿ ಎಬ್ಬಿಸಿ ಕೂಡಿಸಿದಳು. ಬಸವ ಜಯಂತಿಯ ಹೊತ್ತಿಗೆ ಮೈ ತುಂಬಿಕೊಂಡಂತೆ ಕಂಡರೂ ಒಳಗೆ ಕಸುವಿರಲಿಲ್ಲ. ಬಾವಿಯಿಂದ ಒಂದು ಕೊಡ ನೀರು ಸೇದುವಷ್ಟರಲ್ಲಿ ಕಟ್ಟೆ ಹಿಡಿದು ಕೂತುಬಿಡುತ್ತಿದ್ದುದನ್ನು ನಮ್ಮ ಹಿತ್ತಲಿನಿಂದ ನಾನೇ ನೋಡಿದ್ದೆ. ಈ ವರ್ಷ ಕುಸ್ತಿಯ ಮಾತು ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅಪ್ಪನೂ ಹೇಳಿದ್ದ: "ನೋಡಾಕ ಬಾ. ಆಡಾಕ ಬ್ಯಾಡ."

ನೋಡಲೆಂದೇ ಬಂದ. ಬಂದು ನನ್ನ ಮೈಕಿನ ಹತ್ತಿರವೇ ನಿಂತಿದ್ದ. ಅಷ್ಟರಲ್ಲಿ ಲಾರಿ ತುಂಬ ಬಂದಿದ್ದ ಕೊರ್ಲಹಳ್ಳಿಯ ಹುಡುಗರು ಇವನನ್ನು ಕಂಡರು. ಹಿಂದಿನ ವರ್ಷ ಅವರ ದೇವಪ್ಪನನ್ನು ಇವನು ಚಿತ್ ಮಾಡಿದ್ದ. "ಗೆದ್ದ ಗಂಡಸು ಈ ಸಲ ಅಂಗಿ ಬಿಚ್ಚವಲ್ಲ ನೋಡ್ರೋ!" ಎಂದು ಒಬ್ಬ ಕೂಗಿದ. ಸಿಳ್ಳು ಬಿದ್ದವು. ಹೊರಗಿನವರಾದರೂ ಹೋಗಲಿ ಅನ್ನಬಹುದು. ನಮ್ಮ ಓಣಿಯ ಶಾಣ್ಯಾರೇ ಇವನ ಅಂಗಿ ಹಿಡಿದೆಳೆದು, "ಊರ ಮಾರಿ ಉಳಸೋ" ಎಂದು ನೂಕಿದರು. ಊರಿಗೆ ಮುಖ ಎಲ್ಲಿರುತ್ತದೆ, ಯಾರು ನೋಡಿದ್ದಾರೆ? ಫಕ್ಕೀರಪ್ಪ ಹೋಗಿ ಸಾಲಿನ ಕೊನೆಗೆ ನಿಂತ.

ನಿಜಲಿಂಗಪ್ಪ ಒಬ್ಬೊಬ್ಬರನ್ನೇ ಮುಟ್ಟುತ್ತ ಬಂದವನು ಮಗನ ಮುಂದೆ ನಿಂತುಬಿಟ್ಟ. ಬಿಸಿಲು ಇನ್ನೂ ಇಳಿದಿರಲಿಲ್ಲ. ಜನರ ನಡುವಿನಿಂದ ಯಾವನೋ ಅಂದ: "ಈಗ ನೋಡ್ರಪಾ ಮಜಾ! ಮಗಗ ಯಾವ ಕುರಿ ಹುಡಿಕ್ಯಾನು?" ಎಲ್ಲರೂ ನಕ್ಕರು. ಮುದುಕನ ಮುಖ ಕಪ್ಪಿಟ್ಟಿತು. ಮಗನ ಕುತ್ತಿಗೆಯ ಮೇಲೆ ಕೈಯಿಟ್ಟ, ಇಟ್ಟ ಕೈಯನ್ನು ಬೇಗ ತೆಗೆಯಲಿಲ್ಲ. ಆಮೇಲೆ ದೇವಪ್ಪನನ್ನು ಎಳೆದು ತಂದು ಎದುರಿಗೆ ನಿಲ್ಲಿಸಿದ. ಮಗನ ಮೊದಲಿನ ಕಸುವಿಗೆ ಅದು ಸರಿಜೋಡಿಯೇ.

ದೇವಪ್ಪನ ಕೈಯಲ್ಲಿ ಎಂದಿನಂತೆ ಎಲೆ ಒತ್ತಿ ಮುಷ್ಟಿ ಮುಚ್ಚಿಸಿದ. ಮಗನಿಗೆ ಹಾಗೆ ಮಾಡಲಿಲ್ಲ. ತನ್ನ ಅಂಗೈ ಮೇಲೆ ಎಲೆ ಇಟ್ಟುಕೊಂಡು ಕೈ ಚಾಚಿ ನಿಂತ. ಫಕ್ಕೀರಪ್ಪ ಅಪ್ಪನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಕೊನೆಗೆ ಎಲೆ ಎತ್ತಿಕೊಂಡ.

ನನಗೆ ಜೀವ ತಡೆಯಲಿಲ್ಲ. ಕಮಿಟಿಯ ಅಧ್ಯಕ್ಷರು, ಅರಳೆ ವ್ಯಾಪಾರದ ಸಾವಕಾರರು, ಪಕ್ಕದಲ್ಲೇ ಕೂತಿದ್ದರು. "ಸಾವಕಾರ್ರ, ಆ ಹುಡುಗ ಮೊನ್ನೆ ಮೊನ್ನೆ ಜಡ್ಡಿನಿಂದ ಎದ್ದಾನ್ರಿ. ನಿಲ್ಲಸ್ರಿ" ಎಂದೆ.

"ಅವರಪ್ಪಗ ಗೊತ್ತಿಲ್ಲದ್ದು ನಿಮಗೇನು ಗೊತ್ತೈತ್ರಿ ಮಾಸ್ತರ? ಎಲಿ ಹಿಡದಾತು. ಹೆಸರ ಕೂಗ್ರಿ."

ಕೂಗಿದೆ. ಮತ್ತೇನು ಮಾಡಲಿ? ಸಾವಿರ ಜನರ ಗದ್ದಲದಲ್ಲಿ ಮಾಸ್ತರನ ಮಾತು ಯಾರಿಗೆ ಬೇಕು!

ಹಲಗೆ ಬಡಿದರು. ಬಹಳ ಹೊತ್ತು ಹಿಡಿಯಲಿಲ್ಲ. ದೇವಪ್ಪ ಸೊಂಟಕ್ಕೆ ಕೈಹಾಕಿ ಇವನನ್ನು ಮೇಲೆತ್ತಿದ. ಮೊದಲಿನ ಫಕ್ಕೀರಪ್ಪನಾಗಿದ್ದರೆ ಮೀನಿನ ಹಾಗೆ ಜಾರಿ ಆಚೆ ಬರುತ್ತಿದ್ದ. ಈಗ ಮೈ ಹೊರಳಲೇ ಇಲ್ಲ, ತಲೆ ಕೆಳಗಾಗಿ ಕುತ್ತಿಗೆಯ ಮೇಲೆ ಬಿದ್ದ. ಹಲಗೆಯವರಿಗೆ ತಿಳಿಯದು, ಇನ್ನೂ ಜೋರಾಗಿ ಬಾರಿಸಿದರು. ಕುಸ್ತಿ ಮುಗಿಯಿತೆಂದು ಪಂಚರು ಹೇಳುವ ತನಕ ಯಾರೂ ಕಣದೊಳಗೆ ಕಾಲಿಡುವಂತಿಲ್ಲ. ನಿಜಲಿಂಗಪ್ಪ ಎತ್ತಿದ ಕಾಲನ್ನು ಅಲ್ಲೇ ಹಿಡಿದು ನಿಂತಿದ್ದ. ಗೆದ್ದ ದೇವಪ್ಪನೇ ಕೂಗಿಕೊಂಡ: "ಕಾಕಾರ, ಬರ್ರಿ! ಇಂವಾ ಏಳವಲ್ಲರಿ!" ಆಗ ಮುದುಕ ಓಡಿದ.

ಗದಗಿನ ದವಾಖಾನೆ ಆಯಿತು, ಹುಬ್ಬಳ್ಳಿಯದೂ ಆಯಿತು. ಜೀವ ಉಳಿಯಿತು, ಅಷ್ಟೇ. ಕುತ್ತಿಗೆಯ ಕೆಳಗೆ ಯಾವುದೂ ಅವನ ಮಾತು ಕೇಳಲಿಲ್ಲ. ಮನೆಗೆ ತಂದ ದಿನ ಸಿದ್ದಲಿಂಗವ್ವ ಅಂಗಳದಲ್ಲಿ ನಿಂತು ಗಂಡನಿಗೆ ಅಂದ ಮಾತು ಇಡೀ ಓಣಿಗೆ ಕೇಳಿಸಿತು: "ನನ್ನ ಕೂಸಿನ್ನ ಎಲಿ ಮ್ಯಾಲ ಇಟ್ಟು ಕೊಟ್ಟ್ಯಲ್ಲೋ!" ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಅಂದಿನಿಂದ ಮಗನ ಹೇಲು-ಉಚ್ಚೆ, ಸ್ನಾನ, ತುತ್ತು ಎಲ್ಲ ಅವನದೇ. ಹೆಂಡತಿಗೆ ಕೈ ಹಚ್ಚಗೊಡಲಿಲ್ಲ.

ಊರು ಏನಂದಿತು ಗೊತ್ತೇ? ಹೊಗಳಿತು! ಚಹಾದಂಗಡಿಯಲ್ಲಿ, ಕಟ್ಟೆಯ ಮೇಲೆ, ಎಲ್ಲಿ ನೋಡಿದರೂ ಅದೇ ಮಾತು: "ಮಗಾ ಅಂತ ನೋಡ್ಲಿಲ್ಲರಿ. ಜೋಡಿ ಅಂದ್ರ ಜೋಡಿ. ನ್ಯಾಯ ಅಂದ್ರ ಅವನ್ದು." ಇಂಥ ಹೊಗಳಿಕೆಗಿಷ್ಟು ಬೆಂಕಿ ಹಾಕ! ಎರಡು ಬೈಗುಳ ಬೈದಿದ್ದರೆ ಆ ಮುದುಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುವರ್ಷ ಬೇಸಿಗೆ ಮತ್ತೆ ಬಂತು, ಇವರ ಚಟವೂ ಬಂತು. ಕಣದಲ್ಲಿ ಸಾವಿರ ಜನರೆದುರು ನಿಜಲಿಂಗಪ್ಪನಿಗೆ ರುಮಾಲು ಸುತ್ತಿ ಸತ್ಕಾರ ಮಾಡಬೇಕೆಂದು ಕಮಿಟಿಯಲ್ಲಿ ಠರಾಯಿಸಿದರು. ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳದೆ, ಕರೆಯಲು ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದರು. ಮಧ್ಯಾಹ್ನದ ಝಳ ಮನೆಯೊಳಗೆಲ್ಲ ತುಂಬಿತ್ತು. ನಿಜಲಿಂಗಪ್ಪ ಮಗನ ಹೊರಸಿನ ಪಕ್ಕ ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ.

"ನಾ ಬರಾಂಗಿಲ್ರಿ. ಬಿಡ್ರಿ ನನ್ನ" ಎಂದ.

ಸಾವಕಾರರು ಬಿಡುವ ಪೈಕಿಯೇ? ಹೊರಸಿನತ್ತ ಬಾಗಿ ಫಕ್ಕೀರಪ್ಪನಿಗೇ ಹೇಳತೊಡಗಿದರು: "ನೀನರೆ ಹೇಳೋ ತಮ್ಮಾ. ನಿಮ್ಮಪ್ಪನಂಥಾವ ಈ ಸೀಮ್ಯಾಗ ಸಿಗಾಂಗಿಲ್ಲ. ಹೊಟ್ಟ್ಯಾಗಿನ ಮಗಾ ಅಂತ ನೋಡ್ಲಿಲ್ಲ ಅಂವಾ."

ಫಕ್ಕೀರಪ್ಪ ಮಾಳಿಗೆಯ ತೊಲೆ ನೋಡುತ್ತಲೇ ಮಾತಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಖರೆ ಹೇಳ್ಲೇನ್ರಿ? ಅವತ್ತ ನಾ ಆಡಾಕಂತ ನಿಂತಿರ್ಲಿಲ್ಲ. ಹುಡುಗ್ರು ಒದರಾಕ ಹತ್ತಿದ್ರು, ನಾಚಿಕಿ ಆತು, ಹೋಗಿ ಸಾಲಿಗೆ ನಿಂತೆ. ನನ್ನ ಜಡ್ಡು ಅಪ್ಪಗ ಗೊತ್ತೈತೆಲ್ಲ, ಬೈದು ಹೊರಗ ಹಾಕ್ತಾನ, ಅಪ್ಪನ ಮ್ಯಾಲ ಹಾಕಿ ಮನಿಗೆ ಹೋದ್ರಾತು ಅಂತ ತಿಳದಿದ್ದೆ."

ಬೀಸಣಿಗೆ ನಿಂತಿತು. ನಿಜಲಿಂಗಪ್ಪ ಮಗನ ಮುಖವನ್ನೇ ನೋಡಿದ.

"ನೀ ಎಲಿ ತಗೊಳ್ಳಾಂಗಿಲ್ಲ ಅಂತ ನಾ ತಿಳದಿದ್ನೆಲ್ಲೋ, ನನ್ನಪ್ಪಾ" ಎಂದ.

ಸಾವಕಾರರು ಟೊಪ್ಪಿಗೆ ಕೈಗೆ ತೆಗೆದುಕೊಂಡರು. ಬಾಗಿಲ ಮರೆಯಲ್ಲಿದ್ದ ಸಿದ್ದಲಿಂಗವ್ವ ಹೊಸ್ತಿಲಿಗೆ ಬಂದು ನಿಂತಳು. ಫಕ್ಕೀರಪ್ಪನ ಹಣೆಯ ಮೇಲಿನ ಬೆವರು ಇಳಿದು ಕಣ್ಣೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳಲು ಕೈ ಏಳದು.

"ಗಾಳಿ ಹಾಕಪಾ" ಎಂದ ಅವನು, "ಶೆಕಿ ಆಗಾಕ ಹತ್ತೈತಿ."