ಮೂರು ಸಲ ತೊಳೆದ ಕ್ಯಾನು

ಬೆಳ್ಳೂರಿನ ಅಂಗಡಿಕಾರ ಅಹ್ಮದ್ ಕುಂಞಿಯಿಂದ ಸೊಳ್ಳೆಬತ್ತಿ ಕೊಳ್ಳುವುದಕ್ಕಿಂತ ಪಾಸ್‌ಪೋರ್ಟ್ ಮಾಡಿಸುವುದು ಸುಲಭ. “ಮನೆಯಲ್ಲಿ ಕೂಸು ಉಂಟಾ? ಬಸುರಿ ಉಂಟಾ? ಕಿಟಕಿ ಎಷ್ಟುಂಟು?” ಎಂದು ವಿಚಾರಣೆ ನಡೆಸುತ್ತಾನೆ. ಇರುವೆ ಪುಡಿ ಕೇಳಿದರೆ, “ಸಕ್ಕರೆ ಡಬ್ಬಿಗೆ ಮುಚ್ಚಳ ಹಾಕು ಮಾರಾಯ, ಇರುವೆ ಎಂತಕ್ಕೆ ಬರ್ತದೆ?” ಫಿನಾಯಿಲಿಗೆ ಜ್ಯೂಸಿನ ಬಾಟಲಿ ತಂದವರನ್ನು ಮೆಟ್ಟಿಲು ಹತ್ತಲೂ ಬಿಡುವುದಿಲ್ಲ. ಹಿಂದೆ ತೋಟಕ್ಕೆ ಹೊಡೆದ ಕೀಟನಾಶಕ ವಿಷದ ಖಾಲಿ ಕ್ಯಾನುಗಳನ್ನು ತಂದು, “ಮೂರು ಸಲ ತೊಳೆದದ್ದು” ಎಂದು ಕುಡಿಯುವ ನೀರಿಗೆ ಮಾರಿದವನೂ ಇವನೇ. ಅದರಲ್ಲೊಂದನ್ನು ಕೊಂಡು ನೀರು ತುಂಬಿಸಿ ಕುಡಿದವಳು ಊರಿನ ಕಿನ್ನಿ; ಅವಳ ಮಗಳು ಹದಿನಾರಾದರೂ ಚಾಪೆ ಬಿಟ್ಟು ಎದ್ದಿಲ್ಲ. ಕಳೆದ ಮಳೆಗಾಲ ಕಿನ್ನಿ ಸೊಳ್ಳೆಬತ್ತಿಗೆ ಬಂದಾಗ ವಿಚಾರಣೆ ನಡೆಯಲಿಲ್ಲ. ಅಹ್ಮದ್ ಹೊಸ ಸೊಳ್ಳೆಪರದೆಯನ್ನು ಅವಳ ಮನೆಗೆ ಒಯ್ದು ಆ ಹುಡುಗಿಯ ಮೇಲೆ ತಾನೇ ಕಟ್ಟಿದ. ಕಿನ್ನಿ ಪರದೆಯ ಅಂಚು ಮುಟ್ಟಿ ನೋಡಿ ಕೇಳಿದಳು, “ಇದು ಎಷ್ಟು ಸಲ ತೊಳೆದದ್ದು, ಕಾಕಾ?”