ದುಗ್ಗಣ್ಣನ ದಂಡಿನ ಠಾಣೆ

ದೋಹಾದಿಂದ ದೂರ, ದುಖಾನ್ ಪಟ್ಟಣ ದಾಟಿ ಮರಳಿನೊಳಗೆ ಹೊಕ್ಕರೆ ಒಂದು ಕಂಪೆನಿಯ ಗೋದಾಮು, ಅದನ್ನು ಕಾಯುವ ಸೆಕ್ಯುರಿಟಿಯವರ ಕ್ಯಾಂಪು, ಪಕ್ಕದಲ್ಲಿ ಯಾವ ಕಾಲದ್ದೋ ಕುಸಿದ ಕಲ್ಲುಗೋಡೆ. ಆ ಕ್ಯಾಂಪಿನ ಅಡಿಗೆಯವನು ಬೆಳ್ತಂಗಡಿ ಕಡೆಯ ದುಗ್ಗು. ತಲೆ ನರೆಯುವವರೆಗೂ ಇಲ್ಲೇ ಸೌಟು ಹಿಡಿದವನು. ಸಾರು ತೆಳ್ಳಗಾದರೂ ಸುಳ್ಳು ಮಾತ್ರ ಗಟ್ಟಿಯಾಗಿ ಮಾಡುವ ಆಸಾಮಿ.

ರಜೆಯಲ್ಲಿ ಊರಿಗೆ ಹೊರಡಲು ವಾರವಿದೆ ಎನ್ನುವಾಗ ಅವನ ಮದುವೆಯ ಉಂಗುರ ಕಳೆದುಹೋಯಿತು. ಬೆರಳು ಸೊರಗಿತ್ತು, ಅಕ್ಕಿ ತೊಳೆದ ನೀರನ್ನು ಹಿತ್ತಿಲ ಮರಳಿಗೆ ಚೆಲ್ಲುವಾಗ ಜಾರಿರಬೇಕು. ಹೆಂಡತಿ ಸುಂದರಿ ಮೊದಲು ನೋಡುವುದು ಪೆಟ್ಟಿಗೆಯನ್ನಲ್ಲ, ಬೆರಳನ್ನು. ಕಳೆದ ಸಲ ವಾಚು ಕಳೆದದ್ದಕ್ಕೇ ಮಾತು ಬಿಟ್ಟವಳು! ದುಗ್ಗು ಕ್ಯಾಂಪಿನವರ ಬಳಿಗೆ ಓಡಿದ. ಸ್ವಲ್ಪ ಮರಳು ಜರಡಿ ಹಿಡಿದುಕೊಡಿ ಎಂದು ಎಲ್ಲರ ಕೈಕಾಲು ಹಿಡಿದ. ಈ ಬಿಸಿಲಲ್ಲಿ ಯಾರಿಗೆ ಬೇಕು ಎಂದು ಎಲ್ಲರೂ ಏಸಿಯ ಕೆಳಗೆ ಮಗ್ಗುಲು ಬದಲಿಸಿದರು.

ಹೌದಾ? ಸರಿ. ಅಂದು ಸಂಜೆ ಮೀನು ಬಡಿಸುತ್ತ ದುಗ್ಗು ಇತಿಹಾಸ ಬಿಚ್ಚಿದ. ಆ ಕಲ್ಲುಗೋಡೆ ಹಿಂದೆ ಗಡಿ ಕಾಯುವ ದಂಡಿನ ಠಾಣೆಯಾಗಿತ್ತಂತೆ. ಆಚೆ ದಿಬ್ಬದಲ್ಲಿ ಚಿನ್ನ ಸಿಕ್ಕಿತೆಂದು ಸುದ್ದಿ ಹಬ್ಬಿ, ಸಿಪಾಯಿಗಳೆಲ್ಲ ಕೋವಿ ಬಿಸಾಡಿ ಓಡಿದರಂತೆ. ಠಾಣೆಯಲ್ಲಿ ಉಳಿದವನು ಅಡಿಗೆಯವನೊಬ್ಬನೇ. ತಿರುಗಿ ಬಂದವರು ಪುಡಿಚಿನ್ನವನ್ನೆಲ್ಲ ಅವನ ಒಲೆಯ ಹಿಂದೆ ಹೂತರಂತೆ. ಒಲೆ ಎಲ್ಲಿತ್ತೆಂದು ಕೇಳಿದರೆ ದುಗ್ಗು ತನ್ನ ಹಿತ್ತಿಲ ಕಡೆ ಒಂದು ಸಲ ನೋಡಿದ, ಅಷ್ಟೇ.

ಬೆಳಗಾಗುವಷ್ಟರಲ್ಲಿ ಅಡಿಗೆಮನೆಯ ಜರಡಿ ಮಾಯ. ಸೂಪರ್‌ವೈಸರ್ ಬೆನ್ನಿಯಿಂದ ಹಿಡಿದು ಉಳ್ಳಾಲದ ಡ್ರೈವರ್ ರಿಯಾಝ್‌ವರೆಗೆ ಎಲ್ಲರೂ ಹಿತ್ತಿಲಲ್ಲಿ ಬೆವರು ಸುರಿಸುತ್ತಿದ್ದರು. ಉಂಗುರ ಕಳೆದವನ ಬಾಯಲ್ಲೇ ಚಿನ್ನದ ಕಥೆ ಬಂತಲ್ಲ ಎಂದು ಯೋಚಿಸಲು ಯಾರಿಗಿತ್ತು ಪುರುಸೊತ್ತು? ಎರಡು ದಿನದಲ್ಲಿ ಬೆನ್ನಿಯ ಜರಡಿಗೆ ಉಂಗುರ ಬಿತ್ತು. ದುಗ್ಗು ಅದನ್ನು ಕಣ್ಣಿಗೊತ್ತಿಕೊಂಡು, ಠಾಣೆಯೂ ಇಲ್ಲ, ಚಿನ್ನವೂ ಇಲ್ಲ, ಹೋಗಿ ಮಲಗಿ ಎಂದ.

ಯಾರು ನಂಬುತ್ತಾರೆ! ತನ್ನದು ಸಿಕ್ಕಿತು, ಇನ್ನು ಉಳಿದದ್ದನ್ನು ಒಬ್ಬನೇ ನುಂಗುವ ಉಪಾಯ ಎಂದು ಗುಂಡಿ ಇನ್ನಷ್ಟು ಆಳವಾಯಿತು.

ಹೊರಡುವ ದಿನವೂ ಬಂತು. ಬೆರಳಲ್ಲಿ ಉಂಗುರ, ಕೈಯಲ್ಲಿ ಪಾಸ್‌ಪೋರ್ಟು. ಡ್ರೈವರ್ ಮಾತ್ರ ಸೊಂಟದವರೆಗೆ ಗುಂಡಿಯಲ್ಲಿ. ಕರೆದಾಗಲೆಲ್ಲ ಈಗ ಬಂದೆ ಎನ್ನುತ್ತಾನೆ, ಮೇಲೆ ಹತ್ತುವುದಿಲ್ಲ. ದೋಹಾ ಏನು ಪಕ್ಕದಲ್ಲಿದೆಯೇ? ವಿಮಾನ ತಪ್ಪಿದರೆ ಉಂಗುರ ಸಿಕ್ಕಿ ಏನು ಬಂತು ಎಂದು ದುಗ್ಗುವಿಗೆ ಅಳು ಬರುವಂತಾಯಿತು. ಮತ್ತೆ ಮತ್ತೆ ಆಣೆ ಹಾಕಿ ನಿಜ ಹೇಳಿದ. ನಿಜಕ್ಕೆ ಅಲ್ಲಿ ಗಿರಾಕಿಯೇ ಇರಲಿಲ್ಲ.

ಕೊನೆಗೆ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ದನಿ ತಗ್ಗಿಸಿದ.

"ರಿಯಾಝ್, ನಿನ್ನತ್ರ ಎಂತ ಮುಚ್ಚುಮರೆ ಮಾರಾಯ. ಆ ಸಿಪಾಯಿಗಳು ಚಿನ್ನವನ್ನು ಇಲ್ಲಿಂದ ಎತ್ತಿದ್ದಾರೆ. ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಒಂದು ಜಾಗ ಉಂಟು. ಹೋಗ್ತಾ ತೋರಿಸ್ತೇನೆ."

"ಮೊದಲೇ ಹೇಳ್ಲಿಕ್ಕೆ ಏನಾಗಿತ್ತು ದುಗ್ಗಣ್ಣ? ಯಲ್ಲಾ, ಬೇಗ ಹತ್ತಿ!"

ರಿಯಾಝ್ ವ್ಯಾನು ಚಾಲೂ ಮಾಡುವುದರೊಳಗೆ ಉಳಿದವರೆಲ್ಲ ಹಿಂದೆ ತುಂಬಿಕೊಂಡಿದ್ದರು. ಬೆನ್ನಿ ತೊಡೆಯ ಮೇಲೆ ಜರಡಿ ಇಟ್ಟುಕೊಂಡು ಮುಂದಿನ ಸೀಟಿನಲ್ಲೇ ಕೂತ. ಗೋದಾಮಿನ ಗೇಟು ತೆರೆದೇ ಇತ್ತು. ದುಗ್ಗುವಿನ ಇತಿಹಾಸದಲ್ಲಾದರೂ ಠಾಣೆ ಕಾಯಲು ಅಡಿಗೆಯವನೊಬ್ಬ ಉಳಿದಿದ್ದ.